ಹೆಸರಿಗೆ ಓಗೊಡುವವರು

ಹದಿನಾಲ್ಕು ವರ್ಷ ಒಂದೂ ಹೊಸ ಆಲ್ಬಮ್ ತರದವರು ಮತ್ತೆ ಹಳೆಯ ಹೆಸರಿನಲ್ಲೇ ಹಾಡತೊಡಗಿದರೆ, ಅವರನ್ನು ಅವರೇ ಎನ್ನಬಹುದೆ? ಆ ಹೆಸರಿನ ಮೇಲೆ ಅವರಿಗೆ ಇನ್ನೂ ಹಕ್ಕಿದೆಯೆ? ಈ ಪ್ರಶ್ನೆ ನನಗೆ ಸಿಕ್ಕಿದ್ದು ‘ಡೆತ್ ಏಂಜೆಲ್’ ಎಂಬ ಬ್ಯಾಂಡಿನಿಂದ. ಹೆಸರು ಕೇಳಿದರೆ ನಮ್ಮ ಮನೆಯ ಹಿರಿಯರು ‘ರಾಮ ರಾಮಾ’ ಎಂದು ಕಿವಿ ಮುಚ್ಚಿಕೊಂಡಾರು. ಆದರೆ ಅವರ ಕಥೆ ಕೇಳಿದರೆ ಅದೇ ಹಿರಿಯರಿಗೆ ಇದು ಯಾವುದೋ ಪರಿಚಯದ ಮನೆಯ ಕಥೆ ಅನ್ನಿಸದೆ ಇರದು.

ನಾನು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರೊಂದರಲ್ಲಿ. ನಮ್ಮವರು ಈ ಸೀಮೆಯನ್ನು ಕಂಪ್ಯೂಟರಿನ ಊರೆಂದು ಬಲ್ಲರು. 1980ರ ದಶಕದಲ್ಲಿ ಇದು ಥ್ರ್ಯಾಶ್ ಮೆಟಲ್ ಸಂಗೀತದ ತವರೂ ಆಗಿತ್ತು. ಗಿಟಾರು, ಡ್ರಮ್ಮು ಎರಡೂ ಎದೆಬಡಿತವನ್ನು ಮೀರಿ ಓಡುವ, ಗಂಟಲು ಸಿಟ್ಟನ್ನು ಮುಚ್ಚಿಡದ ಸಂಗೀತ ಅದು. ಫಿಲಿಪೀನ್ಸಿನಿಂದ ವಲಸೆ ಬಂದ ಕುಟುಂಬಗಳ ಕೆಲವು ಹುಡುಗರು 1982ರಲ್ಲಿ ಇಲ್ಲಿ ಡೆತ್ ಏಂಜೆಲ್ ಕಟ್ಟಿದರು. ಅವರೆಲ್ಲ ಒಬ್ಬರಿಗೊಬ್ಬರು ಕಸಿನ್‌ಗಳು, ನಮ್ಮ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಮೊದಲ ಆಲ್ಬಮ್ ‘ದಿ ಅಲ್ಟ್ರಾ-ವಯಲೆನ್ಸ್’ 1987ರಲ್ಲಿ ಬಂತು. ಅದರಲ್ಲಿ ಡ್ರಮ್ ಬಾರಿಸಿದ ಆಂಡಿ ಗ್ಯಾಲಿಯನ್‌ಗೆ ಆಗ ಹದಿನಾಲ್ಕರ ಆಸುಪಾಸು. ನಮ್ಮಲ್ಲಿ ಆ ವಯಸ್ಸಿನವರು ಎಸ್ಸೆಸ್ಸೆಲ್ಸಿ ಗಣಿತಕ್ಕೆ ಟ್ಯೂಷನ್ನಿಗೆ ಹೋಗುತ್ತಾರೆ.

ಮೂರನೆಯ ಆಲ್ಬಮ್ ‘ಆಕ್ಟ್ III’ 1990ರಲ್ಲಿ ಬಂದಾಗ ಬ್ಯಾಂಡು ಒಳ್ಳೆಯ ಏರಿನಲ್ಲಿತ್ತು. ಅದೇ ವರ್ಷ ಪ್ರವಾಸದಲ್ಲಿದ್ದ ಅವರ ಬಸ್ಸು ಅರಿಜೋನಾದಲ್ಲಿ ಅಪಘಾತಕ್ಕೆ ಸಿಕ್ಕಿತು. ಆಂಡಿಗೆ ಜೀವಕ್ಕೇ ಕುತ್ತಾಗುವಂಥ ಪೆಟ್ಟು. ಚೇತರಿಸಿಕೊಳ್ಳಲು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಗಾಯಕ ಮಾರ್ಕ್ ಒಸೆಗೆಡಾ ಬ್ಯಾಂಡು ಬಿಟ್ಟಿದ್ದರು. ಉಳಿದವರು ‘ದಿ ಆರ್ಗನೈಸೇಷನ್’ ಎಂಬ ಬೇರೆ ಹೆಸರಿನಲ್ಲಿ 1993 ಮತ್ತು 1995ರಲ್ಲಿ ಎರಡು ಆಲ್ಬಮ್ ತಂದರು. ಹಳೆಯ ಹೆಸರನ್ನು ಮುಟ್ಟಲಿಲ್ಲ. ಅಲ್ಲೊಂದು ಮರ್ಯಾದೆ ಇತ್ತು ಎಂದು ನನಗನ್ನಿಸುತ್ತದೆ.

ಮತ್ತೆ ಆ ಹೆಸರು ಎದ್ದದ್ದು ಇನ್ನೊಬ್ಬರ ಕಷ್ಟಕ್ಕೆ. ಇದೇ ಸೀಮೆಯ ‘ಟೆಸ್ಟಮೆಂಟ್’ ಬ್ಯಾಂಡಿನ ಗಾಯಕ ಚಕ್ ಬಿಲ್ಲಿಗೆ 2001ರಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ಖರ್ಚಿಗೆ ಹಣ ಕೂಡಿಸಲು ಆ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಗೆಳೆಯರೆಲ್ಲ ಸೇರಿ ಒಂದು ರಾತ್ರಿ ನುಡಿಸಿದರು. ಅಂದು ವೇದಿಕೆ ಹತ್ತಿದವರಲ್ಲಿ ಡೆತ್ ಏಂಜೆಲ್ ಕೂಡ ಇತ್ತು. ಗಸ್ ಪೆಪಾ ಬರಲಿಲ್ಲ, ಅವರ ಜಾಗದಲ್ಲಿ ಟೆಡ್ ಅಗಿಲಾರ್ ಗಿಟಾರು ಹಿಡಿದರು. ಅಲ್ಲಿಂದ ಹೊರಟ ದಾರಿ 2004ರ ಆಲ್ಬಮ್ಮಿಗೆ ಬಂದು ಮುಟ್ಟಿತು. ಅದರ ಹೆಸರು ‘ದಿ ಆರ್ಟ್ ಆಫ್ ಡೈಯಿಂಗ್’, ಸಾಯುವ ಕಲೆ. ಸಾವಿನ ಬಾಗಿಲು ತಟ್ಟಿ ಬಂದವರು ಡ್ರಮ್ಮಿನ ಹಿಂದೆ ಕೂತಿದ್ದ ಆಲ್ಬಮ್ಮಿಗೆ ಆ ಹೆಸರು ಬರಿಯ ಅಬ್ಬರವಾಗಿ ಕೇಳಿಸುವುದಿಲ್ಲ.

ಹಾಗಾದರೆ 2004ರವರು 1990ರವರೇ? ಐವರಲ್ಲಿ ನಾಲ್ವರು ಅವರೇ. 2010ರ ಆಲ್ಬಮ್ಮಿನ ಹೊತ್ತಿಗೆ ಮೊದಲ ಆಲ್ಬಮ್ಮಿನವರಲ್ಲಿ ಉಳಿದದ್ದು ರಾಬ್ ಕಾವೆಸ್ಟನಿ ಮತ್ತು ಮಾರ್ಕ್ ಇಬ್ಬರೇ. ಲೆಕ್ಕ ಹಾಕುತ್ತ ಹೋದರೆ ಎಷ್ಟನೆಯವನು ಬಿಟ್ಟಾಗ ಹೆಸರು ಸುಳ್ಳಾಯಿತು ಎಂದು ಹೇಳಲು ಬರುವುದಿಲ್ಲ.

‘ಮಿಲಿಂದ ಪ್ರಶ್ನೆ’ಯಲ್ಲಿ ನಾಗಸೇನ ಭಿಕ್ಷು ರಾಜನ ಮುಂದೆ ರಥವನ್ನು ಬಿಚ್ಚಿ ತೋರಿಸುವುದು ಎಲ್ಲರಿಗೂ ಗೊತ್ತು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ರಥ ಎಂಬುದು ಒಂದು ಹೆಸರು. ನನಗೆ ಹೆಚ್ಚು ಹಿಡಿಸಿದ್ದು ಅದೇ ಗ್ರಂಥದ ಮಾವಿನ ಕಳ್ಳ. ಪರರ ತೋಟದ ಹಣ್ಣು ಕದ್ದು ಸಿಕ್ಕಿಬಿದ್ದವನು ವಾದ ಹೂಡುತ್ತಾನೆ: ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ನನ್ನ ತಪ್ಪೇನು? ರಾಜ ಒಪ್ಪುವುದಿಲ್ಲ. ನೆಟ್ಟದ್ದರಿಂದಲೇ ಕಿತ್ತದ್ದು ಬಂದಿದೆ, ಅಷ್ಟು ಸಾಕು, ಅವನು ತಪ್ಪಿತಸ್ಥ. ‘ಅದೇ ಹೌದೋ ಅಲ್ಲವೋ’ ಎಂಬ ಪ್ರಶ್ನೆ ಇಲ್ಲಿ ಮೆಲ್ಲಗೆ ‘ಋಣ ಯಾರದು’ ಎಂಬ ಪ್ರಶ್ನೆಯಾಗಿ ಹೊರಳುತ್ತದೆ.

ಹೆಸರನ್ನು ಆಸ್ತಿ ಎಂದುಕೊಂಡರೆ ಜಗಳವೇ ಸೈ, ಎಷ್ಟು ಪಾಲು ಯಾರಿಗೆ ಎಂದು. ಋಣ ಎಂದುಕೊಂಡರೆ ಕೇಳಬೇಕಾದ್ದು ಬೇರೆ: ಯಾರು ಕರೆದರು, ಯಾರು ಓಗೊಟ್ಟರು, ಓಗೊಟ್ಟವರು ಏನನ್ನು ಹೊತ್ತರು? ಚಕ್ ಬಿಲ್ಲಿಗಾಗಿ ಕರೆದಾಗ ಆ ಹೆಸರಿಗೆ ಓಗೊಟ್ಟವರು ಇವರು. ಎಳೆಯರಾಗಿದ್ದಾಗ ಕಟ್ಟಿದ ಹಾಡುಗಳನ್ನು ಈಗಲೂ ಹೊತ್ತು ನುಡಿಸುತ್ತಿರುವವರು ಇವರು.

ಇದಕ್ಕೊಂದು ಆಕ್ಷೇಪವೂ ಇದೆ. ಅದೇ ರಾತ್ರಿ ‘ಎಕ್ಸೋಡಸ್’ ಬ್ಯಾಂಡಿನೊಡನೆ ಹಾಡಿದ ಪಾಲ್ ಬಾಲಾಫ್ 2002ರ ಫೆಬ್ರವರಿಯಲ್ಲಿ ತೀರಿಕೊಂಡರು. 2004ರಲ್ಲಿ ಹನ್ನೆರಡು ವರ್ಷಗಳ ಬಳಿಕ ಬಂದ ಅವರ ಆಲ್ಬಮ್ಮಿನಲ್ಲಿ ಹಾಡಿದ್ದು ಸ್ಟೀವ್ ಸೂಜಾ. ಸತ್ತವರು ಓಗೊಡಲಾರರು. ಹಾಗಾದರೆ ಬದುಕಿರುವವರ ಓಗೊಡುವಿಕೆ ಸತ್ತವರ ಜಾಗವನ್ನು ಕಬಳಿಸಿದಂತಾಗದೆ?

ಇದಕ್ಕೆ ಉತ್ತರ ಹುಡುಕುವಂತೆ ಮಾಡಿದ್ದು ನಮ್ಮದೇ ಮನೆ. ಶಿರಸಿ ಕಡೆಯ ನಮ್ಮ ಮೂಲಮನೆಯಲ್ಲಿ ಚೌತಿಯ ರಾತ್ರಿ ತಾಳಮದ್ದಲೆ ನಡೆಯುತ್ತಿತ್ತು. ದೊಡ್ಡಪ್ಪ ಭಾಗವತರು, ಮದ್ದಲೆಗೆ ಅವರ ಹಿರಿಯ ಮಗ, ಅರ್ಥ ಹೇಳಲು ನಾವು ಅಣ್ಣತಮ್ಮಂದಿರು. ನಲವತ್ತು ವರ್ಷ ನಡೆದು, ಅವರಿಬ್ಬರೂ ತೀರಿಕೊಂಡ ಮೇಲೆ ನಿಂತಿತು. ಹನ್ನೊಂದು ವರ್ಷದ ನಂತರ ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಫೋನ್ ಮಾಡಿದ: “ಅಣ್ಣಾ, ಈ ಚೌತಿಗೆ ಮತ್ತೆ ಶುರು ಮಾಡೋಣ. ಭಾಗವತರು, ಮದ್ದಲೆ ಇಬ್ಬರೂ ಪಕ್ಕದೂರಿನವರು ಸಿಗ್ತಾರೆ. ನೀನೂ ಬಾ.” ಇನ್ನೊಬ್ಬ ತಮ್ಮ ಒಪ್ಪಲಿಲ್ಲ. ದೊಡ್ಡಪ್ಪ ಇಲ್ಲದ ತಾಳಮದ್ದಲೆಗೆ ನಮ್ಮ ಮನೆಯ ಹೆಸರೇಕೆ ಎಂದ. ಇಬ್ಬರ ಮಾತಿನಲ್ಲೂ ಇದ್ದದ್ದು ಪ್ರೀತಿಯೇ. ಕೊನೆಗೆ ಜಗಳ ಬಂದು ನಿಂತದ್ದು ಆಮಂತ್ರಣ ಪತ್ರಿಕೆಯ ಅಂಕಿಯ ಮೇಲೆ. 52ನೇ ವರ್ಷ ಎನ್ನಬೇಕೆ, 41 ಎನ್ನಬೇಕೆ, 1 ಎನ್ನಬೇಕೆ?

52 ಎಂದರೆ ನಡೆಯದ ವರ್ಷಗಳನ್ನು ನಡೆದವೆಂದು ಹೇಳಿದಂತೆ. 1 ಎಂದರೆ ದೊಡ್ಡಪ್ಪನ ನಲವತ್ತು ವರ್ಷದ ಋಣವನ್ನು, ಆ ಮಾವಿನ ಕಳ್ಳನ ಹಾಗೆ, ತಮ್ಮದಲ್ಲವೆಂದು ಕೈತೊಳೆದಂತೆ. ನಾನು ಹೇಳಿದೆ, 41 ಎಂದು ಹಾಕಿ, ಅದರ ಕೆಳಗೇ ‘ಹನ್ನೊಂದು ವರ್ಷಗಳ ಬಳಿಕ’ ಎಂದೂ ಹಾಕಿ, ತೀರಿಕೊಂಡ ಇಬ್ಬರ ಹೆಸರನ್ನೂ ಹಾಕಿ. ಒಪ್ಪದ ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಕರಡನ್ನು ತಿದ್ದಿಕೊಟ್ಟವನು ಅವನೇ.

ಮರಳಿ ಬಂದವರಿಂದ ನಾವು ಕೇಳಬಹುದಾದದ್ದು ಇಷ್ಟೇ ಎಂದು ನನಗೆ ತೋರುತ್ತದೆ. ನೀವು ಹಿಂದಿನವರೇ ಆಗಿರಿ ಎಂದು ಕೇಳುವುದು ಅನ್ಯಾಯ, ಯಾರೂ ಹಾಗೆ ಉಳಿದಿರುವುದಿಲ್ಲ. ಖಾಲಿ ಹೋದ ವರ್ಷಗಳನ್ನು ಮುಚ್ಚಬೇಡಿ, ಇಲ್ಲದವರ ಜಾಗವನ್ನು ಇಲ್ಲದವರದೆಂದೇ ಹೇಳಿ, ಹಳೆಯ ಋಣ ನಿಮ್ಮದೆಂದು ಒಪ್ಪಿಕೊಳ್ಳಿ ಎಂದು ಕೇಳುವುದು ನ್ಯಾಯ. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋಗಿ ‘ಇಂಥವರ ಮನೆಯ ಹುಡುಗ’ ಎಂದು ಕರೆಸಿಕೊಳ್ಳುವ ನಮ್ಮಂಥವರಿಗೂ ಈ ನ್ಯಾಯ ಅನ್ವಯಿಸುತ್ತದೆ. ನಾವು ಹೋದಾಗಿನವರಲ್ಲ, ಊರೂ ನಾವು ಬಿಟ್ಟಾಗಿನದಲ್ಲ. ಆದರೂ ಯಾರೋ ಆ ಹೆಸರು ಹಿಡಿದು ಕೂಗುತ್ತಾರೆ, ನಾವು ‘ಓ’ ಎನ್ನುತ್ತೇವೆ. ಎಂದ ಮೇಲೆ ಆ ಹೆಸರಿನ ಭಾರವೂ ನಮ್ಮದೇ.