ಅವಳು ಕ್ರಿಶ್ಚಿಯನ್ ಹೌದೋ ಅಲ್ವೋ?

ಆನ್‌ಸೈಟ್ ಅಂತ ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗಿದ್ದಾಗ ನನ್ನ ಪಕ್ಕದ ಸೀಟಿನ ಹುಡುಗಿ ಕಾಫಿ ಕುಡೀತಿರಲಿಲ್ಲ. ಟೀನೂ ಇಲ್ಲ. ದಿನಕ್ಕೆ ಮೂರು ಸಲ ಡಿಕಾಕ್ಷನ್ ಇಳಿಸುವ ಮನೆಯಿಂದ ಬಂದ ನನಗೆ ಇದು ಅರ್ಥವೇ ಆಗಲಿಲ್ಲ. "ನಾವು ಮಾರ್ಮನ್ನರು, ನಮ್ಮಲ್ಲಿ ಕುಡಿಯಲ್ಲ" ಅಂದಳು. "ಅಂದ್ರೆ ನೀವು ಕ್ರಿಶ್ಚಿಯನ್ ಅಲ್ವಾ?" ಅಂತ ಕೇಳಿಬಿಟ್ಟೆ. ಅವಳ ಮುಖ ಸಣ್ಣಗಾಯಿತು.

ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವಳು ಮದುವೆಯಾಗಲಿದ್ದ ಹುಡುಗ ಕ್ಯಾಥೊಲಿಕ್. ಎಂಟನೇ ವಯಸ್ಸಿನಲ್ಲಿ ಅವಳ ಅಪ್ಪನೇ ಅವಳನ್ನು ನೀರಲ್ಲಿ ಮುಳುಗಿಸಿ, ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ಜ್ಞಾನಸ್ನಾನ ಮಾಡಿಸಿದ್ದರು. ಹುಡುಗನ ಚರ್ಚಿನ ಲೆಕ್ಕದಲ್ಲಿ ಅದು ಜ್ಞಾನಸ್ನಾನವೇ ಅಲ್ಲ. ಪ್ರೊಟೆಸ್ಟಂಟರದ್ದನ್ನು ಸಾಮಾನ್ಯವಾಗಿ ಒಪ್ಪುವ ವ್ಯಾಟಿಕನ್, ಮಾರ್ಮನ್ನರದ್ದು ಊರ್ಜಿತವಲ್ಲ ಅಂತ 2001ರಲ್ಲಿ ಹೇಳಿಬಿಟ್ಟಿದೆ. ಹಾಗಾಗಿ ಈ ಮದುವೆಗೆ, ಹಿಂದೂ ಹುಡುಗಿಯನ್ನು ಮದುವೆಯಾಗಲು ಬೇಕಾಗುವಂಥದ್ದೇ ವಿಶೇಷ ಅನುಮತಿ ಬೇಕು. "ನಿನ್ನನ್ನೂ ನನ್ನನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದ್ದಾರೆ ನೋಡು" ಅಂತ ನಗಲು ನೋಡಿದಳು. ಆಗಲಿಲ್ಲ.

ಚರ್ಚಿನ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಹೇಳುವ ಪದ ಒಂದೇ, ಅರ್ಥ ಬೇರೆ ಅನ್ನುತ್ತಾರೆ ಅವರು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ, ಸುತನೂ ಪಿತನೂ ಒಂದೇ ಸತ್ತ್ವ ಎಂದು ತೀರ್ಮಾನಿಸಿತು. ಬಹುಪಾಲು ಕ್ರೈಸ್ತರಿಗೆ ಇವತ್ತಿಗೂ ಅದೇ ಬುನಾದಿ. ಮಾರ್ಮನ್ನರಿಗೆ ಮೂವರೂ ಬೇರೆ ಬೇರೆ, ಉದ್ದೇಶ ಮಾತ್ರ ಒಂದು. ಪಿತನಿಗೆ ಮೂಳೆಮಾಂಸದ ದೇಹವೂ ಇದೆ. ಬೈಬಲ್ಲಿನ ಜೊತೆಗೆ 1830ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ 'ಬುಕ್ ಆಫ್ ಮಾರ್ಮನ್' ಕೂಡ ಧರ್ಮಗ್ರಂಥ. ಇದೇನು ಸಣ್ಣಪುಟ್ಟ ವ್ಯತ್ಯಾಸ ಅಲ್ಲ.

ಆದರೆ ಅವರ ಪಂಥದ ಅಧಿಕೃತ ಹೆಸರಲ್ಲೇ ಯೇಸುಕ್ರಿಸ್ತ ಇದ್ದಾನೆ. ಅವನು ಶಿಲುಬೆಯಲ್ಲಿ ಸತ್ತ, ಮತ್ತೆ ಎದ್ದುಬಂದ, ಅವನಿಂದಲೇ ರಕ್ಷಣೆ ಅಂತ ನಂಬುತ್ತಾರೆ. ಭಾನುವಾರ ಅವನ ನೆನಪಿಗೆ ರೊಟ್ಟಿ ಮುರಿದು ಹಂಚುತ್ತಾರೆ, ದ್ರಾಕ್ಷಾರಸದ ಬದಲು ನೀರು, ಅಷ್ಟೆ.

ಹಾಗಂತ ಮಾರ್ಮನ್ನರು ಪಾಪದವರು, ಅನ್ಯಾಯ ಬರೀ ಆ ಕಡೆಯದು ಅಂದುಕೊಳ್ಳಬೇಡಿ. ಉಳಿದ ಚರ್ಚುಗಳೆಲ್ಲ ದಾರಿ ತಪ್ಪಿದವು, ದೇವರು ಕೊಟ್ಟ ಅಧಿಕಾರ ಸ್ಮಿತ್ ಮೂಲಕವೇ ಮರಳಿ ಬಂತು ಅನ್ನುವುದು ಅವರ ಮತದ ಅಡಿಪಾಯ. ಆ ಹುಡುಗ ಅವಳ ಪಂಥಕ್ಕೆ ಸೇರಿದರೆ ಅವನಿಗೂ ಹೊಸದಾಗಿ ಸ್ನಾನ. ಅವರ ದೇವಾಲಯದೊಳಗೆ ಮದುವೆಯಾದರೆ ಅವನ ಅಪ್ಪ ಅಮ್ಮ ಹೊರಗೇ ಕೂತು ಕಾಯಬೇಕು. ಇನ್ನೊಂದಿದೆ. ಬಹುಪತ್ನಿತ್ವ ಕೈಬಿಡುವುದಾಗಿ ಈ ಚರ್ಚು 1890ರಲ್ಲಿ ಘೋಷಿಸಿತು. ಅದನ್ನು ಬಿಡಲೊಪ್ಪದ ಗುಂಪುಗಳು 'ನಾವೂ ಮಾರ್ಮನ್ನರೇ' ಅಂದರೆ, 'ನೀವು ನಮ್ಮವರಲ್ಲ' ಅಂತ ಬಾಗಿಲು ಹಾಕುವುದೂ ಇದೇ ಚರ್ಚು!

ಬಾಗಿಲು ಇಟ್ಟುಕೊಳ್ಳುವ ಹಕ್ಕು ಎಲ್ಲ ಮನೆಗೂ ಇದೆ. ನನ್ನ ತಕರಾರು ಇಷ್ಟೇ: ನಮ್ಮ ಮನೆಬಾಗಿಲನ್ನೇ ಊರಬಾಗಿಲು ಅಂದುಕೊಳ್ಳಬಾರದು. 'ಇವಳು ನಮ್ಮ ಚರ್ಚಿನವಳಲ್ಲ' ಅನ್ನೋದು ನಿಯಮದ ಮಾತು. 'ಇವಳು ಕ್ರಿಸ್ತನವಳೇ ಅಲ್ಲ' ಅನ್ನೋದು ಅವಳ ಎದೆಯೊಳಗೆ ಕೈ ಹಾಕುವ ಮಾತು.

ಹಾಗಾದರೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದಾ? ಇಲ್ಲ. ಬಾಯಲ್ಲಿ ಹೇಳಿದರೆ ಸಾಲದು, ಬದುಕಿನ ನಟ್ಟನಡುವೆ ಕ್ರಿಸ್ತ ಇರಬೇಕು. ಅವಳಿಗೆ ಇದ್ದಾನೆ. ನೈಸಿಯಾದ ಗೆರೆ ದಾಟಿದವರೆಲ್ಲ ಹೊರಗೆ ಅನ್ನುವುದಾದರೆ, ಆ ಸಭೆ ಸೇರಬೇಕಾಗಿ ಬಂದದ್ದೇ ಕ್ರೈಸ್ತರ ಒಳಜಗಳದಿಂದ ಅನ್ನೋದನ್ನೂ ನೆನಪಿಡಬೇಕು. ಅಲ್ಲಿ ಸೋತ ಅರಿಯಸ್‌ನ ಕಡೆಯವರನ್ನೂ ಇತಿಹಾಸ ಭಿನ್ನಮತದ ಕ್ರೈಸ್ತರು ಅಂತಲೇ ಕರೆಯುತ್ತದೆ.

ಗೆರೆ ಎಷ್ಟು ಸುಲಭವಾಗಿ ಸರಿಯುತ್ತದೆ ನೋಡಿ. 2012ರಲ್ಲಿ ಮಾರ್ಮನ್ನರಾದ ಮಿಟ್ ರಾಮ್ನಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಮತದಾನಕ್ಕೆ ಕೆಲವೇ ವಾರ ಇದ್ದಾಗ ಅವರು ಹೋಗಿ ಬಿಲ್ಲಿ ಗ್ರಹಾಂ ಅವರನ್ನು ಭೇಟಿಯಾದರು. ಅದಾದ ಮೇಲೆ ಗ್ರಹಾಂ ಸಂಸ್ಥೆಯ ವೆಬ್‌ಸೈಟಿನಲ್ಲಿ 'ಕಲ್ಟ್'ಗಳ ಸಾಲಿನಿಂದ ಮಾರ್ಮನ್ ಹೆಸರು ಮಾಯವಾಯಿತು. ಸಿದ್ಧಾಂತ ಒಂದಕ್ಷರವೂ ಬದಲಾಗಿರಲಿಲ್ಲ.

ಅವಳಿಗೆ ಅನುಮತಿ ಸಿಕ್ಕಿತು, ಮದುವೆಯೂ ಆಯಿತು. ಹುಡುಗನ ಚರ್ಚಿನಲ್ಲಿ ನಡೆದ ಮದುವೆಗೆ ಅವಳ ಅಪ್ಪ ಬಂದು ಮೊದಲ ಸಾಲಿನಲ್ಲಿ ಕೂತಿದ್ದರಂತೆ. ತಾನು ಮಾಡಿಸಿದ ಜ್ಞಾನಸ್ನಾನವನ್ನು ಲೆಕ್ಕಕ್ಕೇ ಹಿಡಿಯದ ಜಾಗದಲ್ಲಿ! ಆ ಮನುಷ್ಯ ಮಗಳಿಗಾಗಿ ನುಂಗಿಕೊಂಡದ್ದು ಏನು ಅಂತ ಆಗಾಗ ಯೋಚಿಸುತ್ತೇನೆ.

2018ರಲ್ಲಿ ಮಾರ್ಮನ್ನರು ಬೆಂಗಳೂರಿಗೂ ಒಂದು ದೇವಾಲಯ ಘೋಷಿಸಿದ್ದಾರೆ. ನಾಳೆ ನಿಮ್ಮ ಪಕ್ಕದ ಸೀಟಿಗೂ ಅಂಥವರೊಬ್ಬರು ಬರಬಹುದು. ಕಾಫಿ ಯಾಕೆ ಕುಡಿಯಲ್ಲ ಅಂತ ಬೇಕಾದರೆ ಕೇಳಿ. ನಾನು ಕೇಳಿದ ಇನ್ನೊಂದು ಪ್ರಶ್ನೆ ಮಾತ್ರ ಕೇಳಬೇಡಿ. ಅವರೇ ಹೇಳಿದರೆ, ನಂಬಿ.