ಎಣ್ಣೆಗೆಂಪು, ಸಾದಗಪ್ಪು

ಕಲಬುರಗಿ ಜಿಲ್ಲೆಯ ಇಜೇರಿ ಕಡೆ ಸಂಬಂಧದ ಮಾತು ಬಂದರೆ ಒಂದು ಪ್ರಶ್ನೆ ತಪ್ಪುವುದಿಲ್ಲ: "ಹುಡುಗಿ ಕೆಂಪ ಅದಾಳೇನ್ರಿ?" ಕೆಂಪು ಎಂದರೆ ಇಲ್ಲಿ ಬೆಳ್ಳಗೆ ಎಂದರ್ಥ. ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು ಎಂದು ಕನ್ನಡದಲ್ಲಿ ಮೈಬಣ್ಣಕ್ಕೆ ಎಷ್ಟೊಂದು ಹೆಸರು! 1975ರಲ್ಲಿ ಹಿಂದುಸ್ತಾನ್ ಲಿವರ್ ಕಂಪನಿ 'ಫೇರ್ ಅಂಡ್ ಲವ್ಲಿ' ಎಂಬ ಮೈಬಣ್ಣದ ಕ್ರೀಮನ್ನು ಮಾರಾಟಕ್ಕೆ ಬಿಟ್ಟಿತು. ಜಾಹೀರಾತಿನಲ್ಲಿ ಉಳಿದದ್ದು ಎರಡೇ ಬಣ್ಣ: ಹಚ್ಚುವ ಮೊದಲಿನದು, ಹಚ್ಚಿದ ಮೇಲಿನದು.

ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ತಲೆತುಂಬ ಸೆರಗು ಹೊದ್ದರೂ ಮುಂಗೈ ಸುಡುತ್ತದೆ. ಬಳೆ ಸರಿಸಿದರೆ ಅಡಿಯಲ್ಲಿ ತಿಳಿಬಣ್ಣದ ಒಂದು ಪಟ್ಟಿ. ಅದು ದುಡಿಮೆಯ ಗುರುತು. ಕಿರಾಣಿ ಅಂಗಡಿಯಲ್ಲಿ ಸರ ಸರವಾಗಿ ತೂಗುವ ಕ್ರೀಮಿನ ಪಾಕೀಟುಗಳ ಲೆಕ್ಕದಲ್ಲಿ ಮಾತ್ರ ಅದೊಂದು ಕೊರತೆ.

ಇದರಲ್ಲಿ ಧರ್ಮಕ್ಕೇನು ಕೆಲಸ? ಇದೆ. ಮೈಯನ್ನು ಹಳಿಯುವ ವಿದ್ಯೆ ಜಾಹೀರಾತಿನವರು ಕಂಡುಹಿಡಿದದ್ದಲ್ಲ. ಪುರಾಣ ಪ್ರವಚನಗಳಲ್ಲಿ ದೇಹವೆಂದರೆ ಹೇಸಿಗೆಯ ಕೊಡ ಎಂದು ಕೇಳುತ್ತಲೇ ಬೆಳೆದ ಜನ ನಾವು. ವೈರಾಗ್ಯ ನಾಚಿಕೆ ಹುಟ್ಟಿಸಿ ಮೈ ಮರೆಯಲು ಹೇಳಿತು. ಜಾಹೀರಾತು ಅದೇ ನಾಚಿಕೆ ಹುಟ್ಟಿಸಿ ಪಾಕೀಟು ಕೊಳ್ಳಲು ಹೇಳುತ್ತದೆ. ಇಬ್ಬರೂ ದೂರದ ನೆಂಟರೇ.

ಇದೇ ಸೀಮೆಯ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಇನ್ನೊಂದು ದಾರಿ ಹಿಡಿದಿದ್ದರು. ಬಸವಣ್ಣ ದೇಹವನ್ನೇ ಗುಡಿಗೆ ಹೋಲಿಸಿದ. ಗುಡಿ ಕಟ್ಟಿಸಲು ಹಣವಿಲ್ಲದವನ ಪರವಾಗಿ ಆಡಿದ ಮಾತದು. ಅದರಲ್ಲಿ ಅಂದಚಂದದ ಪ್ರಸ್ತಾಪವೇ ಇಲ್ಲ. ಮೈ ಕಪ್ಪಾಗಿ ಕಂದಿದರೂ ಸರಿ, ಮಿಂಚಿದರೂ ಸರಿ ಎನ್ನುವ ಅರ್ಥದ ವಚನವನ್ನು ಅಕ್ಕಮಹಾದೇವಿ ಬರೆದಳು. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ಅವಳನ್ನು ಕೆಣಕುವ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅವಳ ಉತ್ತರದ ಸಾರ: ಇದು ನನಗಾಗಿ ಅಲ್ಲ, ನೋಡುವ ನಿಮಗಾಗಿ. ತೊಡಕು ಇರುವುದು ಕಣ್ಣಿನಲ್ಲಿ ಎಂದು ಇಷ್ಟು ನೇರವಾಗಿ ಹೇಳಿದವರು ಕಡಿಮೆ.

ಆ ಕಣ್ಣಿಗೆ ಈಗ ಕ್ಯಾಮೆರಾ ಸೇರಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21.

ಜಾಹೀರಾತುಗಳಿಗೆ ನಿಯಮಗಳೇನೋ ಇವೆ. ಕಪ್ಪು ಬಣ್ಣದವರನ್ನು ದುಃಖಿಗಳು, ಸೋತವರು ಎಂದು ತೋರಿಸಬಾರದೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಸೂಚಿಸಿತು. 2020ರಲ್ಲಿ 'ಫೇರ್ ಅಂಡ್ ಲವ್ಲಿ' ಕ್ರೀಮು 'ಫೇರ್' ಬಿಟ್ಟು 'ಗ್ಲೋ' ಆಯಿತು. ಹೆಸರು ಬದಲಿಸುವುದು ಸಲೀಸು, ಬಿಡಿ.

ಸಂಬಂಧಕ್ಕೆ ಕಳಿಸುವ ಫೋಟೊ ತೆಗೆಸಲು ಹೋದರೆ ಸ್ಟುಡಿಯೊದವನು ಕೇಳದೆಯೇ ಹುಡುಗಿಯ ಮುಖ ಬೆಳ್ಳಗೆ ಮಾಡಿ ಕೊಡುತ್ತಾನೆ. ಅವಸರದಲ್ಲಿ ಕೆಲವೊಮ್ಮೆ ಕೈ ಮರೆತಿರುತ್ತಾನೆ. ಮಡಿಲಲ್ಲಿಟ್ಟ ಮುಂಗೈ ಹೊಲದ ಬಣ್ಣದಲ್ಲೇ ಇರುತ್ತದೆ.