ಚಿವುಟುವ ಕೈಗೂ ಒಂದು ಗಡುವು

ಚೆನ್ನಾಗಿ ಬೆಳೀತಿರೋ ಸೇವಂತಿಗೆ ಗಿಡದ ಕುಡಿ ಚಿವುಟೋದು ತಪ್ಪಲ್ವಾ? ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟುಕೊಂಡಿರುವ ಸಹೋದ್ಯೋಗಿಯೊಬ್ಬಳ ಪ್ರಶ್ನೆ ಇದು. ಕೇಳೋಕೆ ತಮಾಷೆ, ಉತ್ತರಿಸೋಕೆ ಕಷ್ಟ.

ಊರಲ್ಲಿ ಈ ಅನುಮಾನ ಯಾರಿಗೂ ಇರಲಿಲ್ಲ. ಸಸಿ ನೆಟ್ಟು ತಿಂಗಳಾದರೆ ಕುಡಿ ಚಿವುಟಬೇಕು, ಅಷ್ಟೇ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಅನ್ನೋ ಹಾರ್ಮೋನು ಕೆಳಗಿನ ಚಿಗುರುಗಳನ್ನು ತಡೆದು ಇಟ್ಟಿರುತ್ತೆ. ತುದಿ ಹೋದರೆ ಎಲೆಗಳ ಬುಡದಲ್ಲಿ ಮಲಗಿದ್ದ ಚಿಗುರುಗಳು ಏಳುತ್ತವೆ. ಒಂದೇ ಕಡ್ಡಿಯಾಗಿ ಉದ್ದಕ್ಕೆ ಹೋಗಬೇಕಿದ್ದ ಗಿಡ ಕುಳ್ಳಗೆ, ಪೊದೆಯಾಗಿ ನಿಲ್ಲುತ್ತೆ.

ಕುಳ್ಳಗೆ ಮಾಡೋಕೆ ಇನ್ನೊಂದು ದಾರಿಯೂ ಇದೆ. ಮಾರಾಟಕ್ಕೆ ಬೆಳೆಸುವ ಕುಂಡದ ಗಿಡಗಳಿಗೆ ಡ್ಯಾಮಿನೊಜೈಡ್‌ನಂಥ ರಾಸಾಯನಿಕ ಸಿಂಪಡಿಸುವುದುಂಟು. ಜಿಬ್ಬರೆಲಿನ್ ತಯಾರಾಗೋದನ್ನು ಅದು ತಡೆಯುತ್ತೆ, ಕಾಂಡ ಉದ್ದವಾಗೋದಿಲ್ಲ. ಮದ್ದಿನ ಪ್ರಭಾವ ಕಳೆದ ಮೇಲೆ ಅದೇ ಗಿಡ ನಮ್ಮನೆಯಲ್ಲಿ ಎತ್ತರಕ್ಕೆ ಹೋದರೆ, ‘ಗಿಡ ಕೆಟ್ಟೋಯ್ತು’ ಅಂತೀವಿ. ಕೆಟ್ಟಿದ್ದೇನೂ ಇಲ್ಲ, ಅದರ ನಿಜವಾದ ಎತ್ತರವೇ ಅಷ್ಟು.

ಎರಡೂ ನಮ್ಮ ಅನುಕೂಲಕ್ಕೇ. ಗಿಡದ ಒಳ್ಳೇದಕ್ಕೆ ಚಿವುಟಿದೆ ಅನ್ನೋದು ಸುಳ್ಳು. ಆದರೂ ಎರಡೂ ಒಂದೇ ಅಲ್ಲ. ಮದ್ದು ಹೊಡೆದಾಗ ಬೆಳವಣಿಗೆಗೇ ತಡೆ ಬೀಳುತ್ತೆ. ಚಿವುಟಿದಾಗ ಒಂದು ದಾರಿ ಮುಚ್ಚಿ ನಾಲ್ಕು ದಾರಿ ತೆರೆಯುತ್ತೆ. ಹಾಗೆ ತೆರೆದ ಮೇಲೆ ನಾಲ್ಕು ಕೊಂಬೆಗೂ ಸಾಕಾಗುವಷ್ಟು ನೀರು, ಗೊಬ್ಬರ, ಬಿಸಿಲು ಕೊಡುವ ಜವಾಬ್ದಾರಿ ಚಿವುಟಿದವನದ್ದೇ. ಬರೀ ಚಿವುಟಿ ಎದ್ದು ಹೋಗುವವನಿಗೆ ಆ ಹಕ್ಕಿಲ್ಲ.

ಇನ್ನೊಂದು ವಿಷಯ ಗಡುವು. ಸೇವಂತಿಗೆ ಮೊಗ್ಗು ಕಟ್ಟೋದು ರಾತ್ರಿ ಉದ್ದವಾದಾಗ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನದ್ದು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ವ್ಯತ್ಯಾಸ ಗಿಡಕ್ಕೆ ಗೊತ್ತಾಗುತ್ತೆ. ಬೀದಿದೀಪ ರಾತ್ರಿಯೆಲ್ಲಾ ಮೇಲೆ ಬೀಳುವ ಬಾಲ್ಕನಿಯಲ್ಲಿ ಮೊಗ್ಗು ತಡವಾಗೋದು ಇದಕ್ಕೇ. ಹಾಗಾಗಿ ಆಗಸ್ಟ್ ಮುಗಿಯುವಷ್ಟರಲ್ಲಿ ಚಿವುಟೋದು ನಿಲ್ಲಿಸಬೇಕು. ಆಮೇಲೂ ಕೈ ಹಾಕಿದರೆ ಹೋಗೋದು ಕುಡಿ ಅಲ್ಲ, ಹೂವು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅಂತ ಹೇಳಿಸಿಕೊಂಡೇ ಬೆಳೆದವರು ನಾವು. ಬಗ್ಗಿಸೋದು ಯಾವಾಗ ಶುರು ಮಾಡಬೇಕು ಅಂತ ಗಾದೆ ಹೇಳುತ್ತೆ, ಯಾವಾಗ ನಿಲ್ಲಿಸಬೇಕು ಅಂತ ಹೇಳೋದಿಲ್ಲ. ಇಪ್ಪತ್ತೆಂಟರ ಮಗಳ ಕೆಲಸ, ಮದುವೆ, ಊರು ಎಲ್ಲವನ್ನೂ ಇನ್ನೂ ತಿದ್ದುವ ಅಪ್ಪ-ಅಮ್ಮ ಅವಳನ್ನು ಪ್ರೀತಿಸದವರೇನಲ್ಲ. ಅವರಿಗೆ ಆಗಸ್ಟ್ ಮುಗಿದದ್ದು ಗೊತ್ತಾಗಿಲ್ಲ. ಈಗ ಟೀಮಿಗೆ ಫ್ರೆಶರ್‌ಗಳು ಬಂದಿದ್ದಾರೆ, ಅವರ ಕೋಡ್ ರಿವ್ಯೂ ಮಾಡೋರು ನಾವು. ಮೊದಲ ಆರು ತಿಂಗಳು ಕಟ್ಟುನಿಟ್ಟಾಗಿ ತಿದ್ದೋಣ, ಕೂತು ಹೇಳಿಕೊಡೋಣ. ಆಮೇಲೆ ಅವರು ನಮಗಿಂತ ಬೇರೆ ಥರ ಬರೆದ ಕೋಡ್ ಸರಿಯಾಗಿ ಓಡ್ತಿದ್ರೆ, ಅಪ್ರೂವ್ ಒತ್ತಿ ಸುಮ್ಮನಿರೋದನ್ನು ಕಲಿಯಬೇಕಾದವರು ನಾವು.